ಎಲ್ಲರ ಮುಂದೆ ಗುಳಿಗೆ ನುಂಗುತ್ತಿದ್ದ ಅಯ್ಯನವರು

ಅವರ ಹಣೆಯ ಬಲಗಡೆ, ಹುಬ್ಬಿನ ಮೇಲೆ, ಒಂದು ತಗ್ಗು ಇತ್ತು. ವಿಭೂತಿಯ ಮೂರು ಗೆರೆಗಳು ಎಡಗಡೆಯಿಂದ ನೆಟ್ಟಗೆ ಬಂದು, ಆ ತಗ್ಗಿನಲ್ಲಿ ಇಳಿದು, ಮತ್ತೆ ಏರಿ ಕಿವಿಯ ಕಡೆಗೆ ಹೋಗುತ್ತಿದ್ದವು. ನೇಗಿಲ ಸಾಲು ಹಳ್ಳದ ದಂಡೆಗೆ ಬಂದಾಗ ಬಾಗುತ್ತದಲ್ಲ, ಹಾಗೆ. ಚಿಕ್ಕವರಿದ್ದಾಗ ನಾವು ಅವರ ಮುಂದೆ ಕುಳಿತು ಆ ತಗ್ಗನ್ನೇ ನೋಡುತ್ತಿದ್ದೆವು. ಅವರಿಗೆ ಅದು ಗೊತ್ತಾಗುತ್ತಿತ್ತು. "ಏನ್ ನೋಡ್ಲಕತ್ತೀರೋ? ಅದರಾಗ ಜ್ವಾಳಾ ಬಿತ್ತಬೇಕಂತ ಮಾಡೀರೇನು?" ಎಂದು ನಗುತ್ತಿದ್ದರು.

ಅವರು ನಮ್ಮ ಮನೆತನದ ಜಂಗಮರು. ಹುಟ್ಟಿದ ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸತ್ತವರನ್ನು ಮಣ್ಣಿಗೆ ಇಡುವ ತನಕ ಅವರೇ ಬರಬೇಕು. ಹೆಸರು ಹಿಡಿದು ಕರೆಯುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಅಯ್ಯನವರು ಎಂದರೆ ಅವರು, ಅಷ್ಟೆ. ನಮ್ಮದು ದಾಳಿಂಬ, ಅವರದು ತುರೋರಿ, ಎರಡೂ ಮರಾಠಿ ಸೀಮೆಯ ಊರುಗಳು. ಅವರ ಮನೆ ಹೈವೇಗೆ ಹತ್ತಿಕೊಂಡೇ ಇತ್ತು. ಸೋಮವಾರ ಬೆಳಿಗ್ಗೆ ಅವರ ಹಳೆಯ ಮೊಪೆಡ್ಡು ಊರೊಳಗೆ ಬಂದರೆ ಅದರ ಸದ್ದು ಕೇಳಿಯೇ ಅವ್ವ ಕಾಲಿಗೆ ನೀರು ತೆಗೆದಿಡುತ್ತಿದ್ದಳು. ಚಹಾ ಬಸಿಗೆ ಸುರುವಿಕೊಂಡೇ ಕುಡಿಯಬೇಕು. ಸಕ್ಕರೆ ಕಡಿಮೆಯಾದರೆ ಮಾತ್ರ ಸಿಟ್ಟು. "ಇದು ಚಹಾನೋ, ಪಾತ್ರಿ ತೊಳದ ನೀರೋ?" ಎಂದು ಬಸಿಯನ್ನು ತಿರುಗಿ ಕೊಡುತ್ತಿದ್ದರು. ಸಂಸಾರ ಬಿಟ್ಟವರ ಹಾಗೆ ಕಾವಿ ಶಲ್ಯ ಹೊದ್ದರೂ ಟೀವಿಯ ಮರಾಠಿ ಸುದ್ದಿ ಒಂದು ದಿನವೂ ತಪ್ಪಿಸಿದವರಲ್ಲ.

ಅವರದೊಂದು ಪದ್ಧತಿ ನನಗೆ ಬುದ್ಧಿ ಬಂದಾಗಿನಿಂದ ನೆನಪಿದೆ. ಲಿಂಗಪೂಜೆ ಮುಗಿಯುವುದು, ಮನೆಯವರೆಲ್ಲ ಸಾಲಾಗಿ ಕೈಯೊಡ್ಡಿ ಪಾದೋದಕ ತೆಗೆದುಕೊಳ್ಳುವುದು. ಆಮೇಲೆ, ಪ್ರಸಾದಕ್ಕೆ ಕೂಡುವ ಮೊದಲು, ಅವರು ಜೋಳಿಗೆಗೆ ಕೈ ಹಾಕಿ ಒಂದು ಗುಳಿಗೆಯ ಪಟ್ಟಿ ತೆಗೆಯುತ್ತಿದ್ದರು. ಹೆಬ್ಬೆರಳಿನಿಂದ ಟಕ್ಕೆಂದು ಒತ್ತಿ, ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಒಮ್ಮೆ ಎಲ್ಲರ ಮುಖ ನೋಡಿ ನುಂಗುತ್ತಿದ್ದರು. ಒಳಗೆ ಹೋಗಿ ತಗೊಳ್ಳಬಹುದಿತ್ತು. ತಗೊಳ್ಳುತ್ತಿರಲಿಲ್ಲ. ಅವ್ವ ಒಮ್ಮೆ, "ಏನ್ ಬ್ಯಾನಿರೀ ಅಯ್ಯನೋರ?" ಎಂದು ಕೇಳಿದ್ದಳು. "ಹಳೀ ಬ್ಯಾನಿ ಅದವ್ವಾ," ಎಂದು ಬಿಟ್ಟಿದ್ದರು. ಮೊಣಕಾಲು ನೋವಿರಬೇಕು ಎಂದು ನಾವು ತಿಳಿದೆವು.

ಇನ್ನು ನನ್ನ ಮಾತು ಸ್ವಲ್ಪ ಹೇಳಬೇಕು. ಹೇಳದಿದ್ದರೆ ಅವರು ನನಗೆ ಏನಾಗಿದ್ದರು ಎಂಬುದು ತಿಳಿಯುವುದಿಲ್ಲ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಮನೆಯಲ್ಲಿ ಹೊಲ ಇತ್ತು, ಅಣ್ಣಂದಿರಿದ್ದರು. ನನ್ನ ಮನಸ್ಸು ಬಾವಿಯ ಕೆಲಸಕ್ಕೆ ಹೋಯಿತು. ಬಾವಿ ತೋಡುವಾಗ ಮಣ್ಣು, ಕಲ್ಲು ಮೇಲೆತ್ತುವ ಯಂತ್ರಕ್ಕೆ ನಮ್ಮ ಕಡೆ ಯಾರಿ ಎನ್ನುತ್ತಾರೆ. ಮೊದಲು ಬೇರೆಯವರ ಯಾರಿಯ ಮೇಲೆ ದುಡಿದೆ, ಆಮೇಲೆ ನನ್ನದೇ ಮಾಡಿದೆ. ಮಾಲೀಕನಾದ ಮೇಲೂ ಕೆಳಗೆ ಇಳಿಯುವುದನ್ನು ಬಿಡಲಿಲ್ಲ. ಉಮರ್ಗಾ, ನಿಲಂಗಾ, ಉದಗೀರ, ಈ ಮೂರೂ ತಾಲೂಕುಗಳಲ್ಲಿ ನಾನು ತಳ ಕಂಡ ಬಾವಿಗಳು ಬೇಕಾದಷ್ಟಿವೆ. ಕರಿಮಣ್ಣು ಎಲ್ಲಿ ಮುಗಿಯುತ್ತದೆ, ಅದರ ಕೆಳಗಿನ ಗಟ್ಟಿ ಗರಸು, ಮುರುಮ, ಎಲ್ಲಿಂದ ಹತ್ತುತ್ತದೆ, ಯಾವ ಗೋಡೆ ನಿಲ್ಲುತ್ತದೆ, ಯಾವುದು ಮೋಸ ಮಾಡುತ್ತದೆ ಎಂಬುದು ನನಗೆ ಕಾಲ ಬೆರಳಿಗೆ ತಿಳಿಯುತ್ತಿತ್ತು. "ಬಾವಿಗಿ ಇಳಿಯಾಂವ" ಎಂದರೆ ದಾಳಿಂಬದಲ್ಲಿ ನಾನು. ಆ ಮಾತು ನನಗೆ ಪದವಿಗಿಂತ ಹೆಚ್ಚಿನದಾಗಿತ್ತು.

ಉದಗೀರ ಕಡೆಯ ಒಂದು ಬಾವಿಯಲ್ಲಿ ಮೇಲಿನ ಮಣ್ಣು ಜಾರಿತು. ಹಿಂಗಾರಿ ಮಳೆ ಅತಿಯಾಗಿ ನೆಲ ನೆನೆದಿತ್ತು. ಕೆಳಗೆ ನಾವಿಬ್ಬರು ಇದ್ದೆವು, ನಾನು ಮತ್ತು ನನ್ನ ಜೋಡಿದಾರ. ಅವನು ನಿಲಂಗಾದವನು. ವರ್ಷಗಟ್ಟಲೆ ನನ್ನ ಸಂಗಡ ಒಂದೇ ಬುತ್ತಿಯಲ್ಲಿ ಉಂಡವನು. ಮಣ್ಣೆತ್ತುವ ಕಬ್ಬಿಣದ ಬುಟ್ಟಿ ನನ್ನ ತಲೆಯ ಮೇಲೆ ಅಡ್ಡ ಬಿದ್ದು ಮುಖಕ್ಕೆ ಅಷ್ಟು ಗಾಳಿ ಉಳಿಯಿತು. ಅವನಿಗೆ ಉಳಿಯಲಿಲ್ಲ. ಮಣ್ಣೊಳಗೆ ಅವನ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಮೊದಲು ಗಟ್ಟಿಯಾಗಿ ಹಿಡಿದಿತ್ತು. ಆಮೇಲೆ ಸಡಿಲಾಯಿತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ನನ್ನನ್ನು ಹೊರಗೆ ತೆಗೆದರು. ಎಲುಬು ಮುರಿದಿರಲಿಲ್ಲ. ಊರ ತುಂಬ, "ಪುಣ್ಯವಂತ, ಏನೂ ಆಗಿಲ್ಲ," ಎಂದರು. ನಾನೂ ಅದನ್ನೇ ಹೇಳಿದೆ. ಆದರೆ ಅಂದಿನಿಂದ ಮಾಡಿನ ಕೆಳಗೆ ಮಲಗಲು ಆಗಲಿಲ್ಲ. ಹಾಸಿಗೆ ಅಂಗಳಕ್ಕೆ ಬಂತು. ಹೊದಿಕೆ ಮುಖದ ಮೇಲೆ ಬಂದರೆ ಕಿತ್ತು ಒಗೆದು ಎದ್ದು ಕೂಡುತ್ತಿದ್ದೆ. ಹಸಿ ಮಣ್ಣಿನ ವಾಸನೆ ಬಂದರೆ ಎದೆ ಬಡಿದುಕೊಂಡು ಕೈ ತಣ್ಣಗಾಗುತ್ತಿತ್ತು. ಕನಸು ಒಂದೇ, ದಿನಾಲೂ ಅದೇ. ಬಾವಿಗೆ ಇಳಿಯುವ ಮಾತು ದೂರ ಉಳಿಯಿತು, ಬಾವಿಯ ಕಟ್ಟೆಯ ಹತ್ತಿರ ನಿಲ್ಲಲು ಆಗುತ್ತಿರಲಿಲ್ಲ. ಯಾರಿ ಹೊಲದ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿತು. ಯಾರಾದರೂ ಕೇಳಿದರೆ, "ಬೆನ್ನ ಹಿಡದದ, ಬಿಟ್ಟ ಮ್ಯಾಲ ಇಳೀತೀನಿ," ಎನ್ನುತ್ತಿದ್ದೆ. ಮತ್ತೆ ಇಳಿಯುತ್ತೇನೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಒಳಗೆ ಕೊರೆಯುತ್ತಿತ್ತು.

ಒಂದು ದಿನ ಸೋಯಾಬೀನ್ ಮಾರಲು ಅಣ್ಣನ ಸಂಗಡ ಉಮರ್ಗಾದ ಅಡತಿ ಅಂಗಡಿಗೆ ಹೋಗಿದ್ದೆ. ಹಮಾಲರು ಚೀಲದ ಬಾಯಿ ಬಿಚ್ಚಿ ರಾಶಿ ಸುರುವಿದರು. ಕಾಳು ಜಾರುವ ಆ ಸದ್ದು, ಬಾವಿಯಲ್ಲಿ ಮಣ್ಣು ಜಾರಿದ ಹಾಗೆಯೇ, ಸರ್ರೆಂದು ಒಂದೇ ಸಮ. ಮುಂದೆ ನನಗೆ ನೆನಪಿಲ್ಲ. ಮೈಮೇಲೆ ಎಚ್ಚರ ಬಂದಾಗ ಬಸ್ ಸ್ಟ್ಯಾಂಡಿನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿಂದೆ ಓಡಿ ಬಂದ ಅಣ್ಣ ಏದುಸಿರು ಬಿಡುತ್ತಿದ್ದ. "ಪಿಸಾಟ ಝಾಲಾ ಕಾಯ?" ಎಂದು ಯಾರೋ ಮರಾಠಿಯಲ್ಲಿ ನಕ್ಕರು. ಹುಚ್ಚು ಹಿಡಿಯಿತೇ ಎಂದು. ಆ ನಗು ನನಗೆ ಮಣ್ಣಿಗಿಂತ ಭಾರವಾಯಿತು.

ಅದಾದ ಮೇಲೆ ತಾಯಿತ ಕಟ್ಟಿಸಿಕೊಂಡೆ. ಸೆರೆ ಕುಡಿದು ನೋಡಿದೆ. ಲಿಂಗ ಕಟ್ಟಿದ ಮೈಗೆ ಆ ವಾಸನೆ ಬಡಿದಾಗ ನನ್ನ ಮೇಲೆ ನನಗೇ ಹೇಸಿಕೆ ಬಂತು. ಪರಿಚಯದ ಔಷಧಿ ಅಂಗಡಿಯಿಂದ ನಿದ್ದೆಗುಳಿಗೆ ತಂದೆ. ಅದು ಇನ್ನೂ ಕೆಟ್ಟದ್ದು. ಮೊದಲು ಕನಸು ಬಿದ್ದರೆ ಎಚ್ಚರಾಗುತ್ತಿತ್ತು, ಈಗ ಎಚ್ಚರಾಗಲೂ ಬಿಡುತ್ತಿರಲಿಲ್ಲ. ಒಳಗೆ ಹಾಕಿ ಬಾಗಿಲು ಮುಚ್ಚಿದ ಹಾಗೆ.

ಮನೆಯವಳೇ ಅಯ್ಯನವರಿಗೆ ಹೇಳಿರಬೇಕು. ಆ ಸೋಮವಾರ ಅವರು ಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂಡಲಿಲ್ಲ. ನೇರ ಅಂಗಳಕ್ಕೆ ಬಂದು ನನ್ನ ಹೊರಸಿನ ಮೇಲೆ ಕುಳಿತರು.

"ಏನ್ ತಮ್ಮಾ, ಹೊರಗ ಮಲ್ಕೊಳ್ಳಾಕತ್ತೀಯಂತ?"

"ಒಳಗ ಶಕಿ ಭಾಳ್ರಿ ಅಯ್ಯನೋರ."

"ಮಾಗಿ ಚಳ್ಯಾಗ ಶಕಿ?" ಎಂದರು. ಅವರು ಬಿಡಲಿಲ್ಲ. "ನಾನೂ ಹಂಗೇ ಹೇಳ್ತಿದ್ದೆ ನೋಡು. ಶಕಿ ಅಂತಿದ್ದೆ, ತಗಣಿ ಅಂತಿದ್ದೆ, ಒಮ್ಮೆ ಇಲಿ ಅಂತನೂ ಹೇಳೀನಿ. ಮನಿಯಾಗ ಇಲಿ ಇಲ್ಲಂತ ಊರಿಗೆಲ್ಲ ಗೊತ್ತಿತ್ತು."

ಜೋಳಿಗೆಯಿಂದ ಆ ಪಟ್ಟಿ ತೆಗೆದು ನನ್ನ ತೊಡೆಯ ಮೇಲೆ ಇಟ್ಟರು.

"ಇದು ಮಣಕಾಲಂದು ಅಲ್ಲೋ. ಇದು ಹೆದರಿಕಿದು. ತೊಂಬತ್ಮೂರರ ಭೂಕಂಪ ಆದಾಗಿಂದ ತಗೊಳ್ಳಾಕತ್ತೀನಿ."

ಎಲ್ಲರ ಮುಂದೆ ಅಷ್ಟು ವರ್ಷ ನುಂಗಿದ ಗುಳಿಗೆಯ ಗುಟ್ಟು ನನ್ನ ಒಬ್ಬನ ಮುಂದೆ ಹೊರಬಿತ್ತು. ಆದರೂ ನಾನು ಸುಲಭಕ್ಕೆ ಬಗ್ಗಲಿಲ್ಲ. "ತಲಿ ಕೆಟ್ಟವ್ರಿಗಿ ಕೊಡೋ ಗುಳಿಗಿ ನಂಗ ಬ್ಯಾಡ್ರಿ. ನಾ ದುಡಿದು ತಿನ್ನಾಂವ," ಎಂದೆ.

"ಹೌದಪ್ಪಾ. ನಾನು ತಲಿ ಕೆಟ್ಟಾಂವ, ನನ್ನ ಕೈಲೆ ಪಾದೋದಕ ತಗೋತೀರಿ ನೀವು ಮನಿ ಮಂದಿ ಎಲ್ಲಾ," ಎಂದು ಎದ್ದರು. "ಗಾಡಿ ತೆಗಿ. ಉಮರ್ಗಾಕ್ಕ ಹೋಗೋಣ."

ಅವರ ಮಾತಿಗೆ ಇಲ್ಲ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ. ಗಾಡಿ ತೆಗೆದೆ.

ಸೋಲಾಪುರದಿಂದ ವಾರಕ್ಕೊಮ್ಮೆ ಬರುವ ಮನಸ್ಸಿನ ಡಾಕ್ಟರು ಉಮರ್ಗಾದಲ್ಲಿ ಒಂದು ದವಾಖಾನೆಯ ಮಾಳಿಗೆಯ ಮೇಲೆ ಕೂಡುತ್ತಿದ್ದರು. ಮೆಟ್ಟಿಲು ಏರುವಾಗಲೇ ನಾನು ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡಿದ್ದೆ. ಬೆಂಚಿನ ಮೇಲೆ ನಮ್ಮೂರವನೇ ಒಬ್ಬ ಕುಳಿತಿದ್ದ. ಅವನೂ ಟವೆಲ್ಲು ಎಳೆದುಕೊಂಡಿದ್ದ. ನಾವಿಬ್ಬರೂ ಒಬ್ಬರನ್ನೊಬ್ಬರು ಕಾಣದವರ ಹಾಗೆ ಇದ್ದುಬಿಡುತ್ತಿದ್ದೆವು. ಅಯ್ಯನವರು ಬಿಡಬೇಕಲ್ಲ. ಇಡೀ ಮಾಳಿಗೆಗೆ ಕೇಳುವ ಹಾಗೆ, "ಯಾಕ್ರೋ, ಇಬ್ಬರೂ ಧೂಳಿನ್ಯಾಗ ಬಂದೀರೇನು? ಮಾರಿ ತೆಗೀರಿ. ಡಾಕ್ಟರಬಾಯಿ ಕಳ್ಳರ ಅಂತ ತಿಳೀತಾಳ," ಎಂದರು. ಆ ಮನುಷ್ಯ ನಕ್ಕುಬಿಟ್ಟ. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು.

ಡಾಕ್ಟರಬಾಯಿ ಸಣ್ಣ ವಯಸ್ಸಿನವರು. ಮರಾಠಿಯಲ್ಲಿ, ಏನಾಗುತ್ತದೆ ಹೇಳಿ ಎಂದರು. "ನಿದ್ದೆ ಬರುವುದಿಲ್ಲ, ಅಷ್ಟೆ," ಎಂದೆ. ಅಯ್ಯನವರು ನನ್ನ ಭುಜ ತಟ್ಟಿದರು. "ತಮ್ಮಾ, ದೇವರ ಮುಂದ ಸುಳ್ಳ ನಡೀತದ. ಅಂವಾ ಎಲ್ಲಾ ಮೊದಲೇ ಬಲ್ಲ. ಈಕಿಗಿ ನೀ ಹೇಳಿದಷ್ಟೇ ಗೊತ್ತಾಗೋದು." ಹಾಗೆಂದು ಹೊರಗೆ ಹೋಗಿ ಬಾಗಿಲನ್ನು ಅರ್ಧ ತೆರೆದೇ ಬಿಟ್ಟರು. ಬಾಗಿಲು ಪೂರ್ತಿ ಮುಚ್ಚಿದರೆ ನನಗೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಗ ನಾನು ಹೇಳಿದೆ. ಕೈ ಸಡಿಲಾದದ್ದನ್ನೂ ಹೇಳಿದೆ. ಡಾಕ್ಟರಬಾಯಿ ಬಹಳ ಹೊತ್ತು ಕೇಳಿ, "ನೀವು ಬಾವಿಯಿಂದ ಮೇಲೆ ಬಂದದ್ದು ನಿಮ್ಮ ಮೈಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೆ ತಿಳಿಸಿ ಹೇಳಬೇಕು. ಅದು ಒಂದೇ ಸಲಕ್ಕೆ ಕೇಳುವುದಿಲ್ಲ," ಎಂದರು. ಇದು ಹುಚ್ಚಲ್ಲ, ಇಂಥದ್ದನ್ನು ಕಂಡವರಿಗೆ ಬರುವ ಬೇನೆ ಎಂದರು. ಅಷ್ಟು ಕೇಳಿದ್ದಕ್ಕೇ ನನ್ನ ಬೆನ್ನು ಸ್ವಲ್ಪ ನೆಟ್ಟಗಾಯಿತು.

ತಿರುಗಿ ಬರುವಾಗ ತುರೋರಿಯಲ್ಲಿ ಚಹಾಕ್ಕೆ ನಿಂತೆವು. ಹೈವೇ ಪಕ್ಕದ ಬೆಂಚು. ದೊಡ್ಡ ಲಾರಿ ಹಾದು ನೆಲ ನಡುಗಿದಾಗಲೆಲ್ಲ ಅಯ್ಯನವರು ಮಾತು ನಿಲ್ಲಿಸಿ ಬೆಂಚಿನ ಅಂಚು ಹಿಡಿಯುತ್ತಿದ್ದರು. ಲಾರಿ ಹೋದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಯುತ್ತಿದ್ದರು. ಅವರೊಡನೆ ಅಷ್ಟು ವರ್ಷ ಕುಳಿತಿದ್ದೆ, ಇದನ್ನು ಕಂಡಿರಲಿಲ್ಲ. ಅಂದು ಅವರು ಹೇಳಿದರು. ಭೂಕಂಪದ ಆ ಬೆಳಗಿನ ಜಾವ ಕಲ್ಲು ಮಣ್ಣಿನ ಗೋಡೆ, ಮಾಳಿಗೆಯ ತೊಲೆ ಎಲ್ಲ ಒಟ್ಟಿಗೆ ಅವರ ಮೇಲೆ ಬಿದ್ದವಂತೆ, ಹಣೆಯ ತಗ್ಗು ಆ ತೊಲೆಯದಂತೆ. ಹೆಂಡತಿ ಗೋಡೆಯ ಆಚೆ ಇದ್ದಳಂತೆ, ದನಿ ಕೇಳುತ್ತಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಕೇಳಲಿಲ್ಲವಂತೆ.

"ಮಂದಿ ಎಲ್ಲಾ ಮನಿ ಕಟ್ಟಿಸಿಕೊಂಡು ಒಳಗ ಹೋದರು. ನಾ ವರ್ಷಗಟ್ಟಲೆ ಮರದ ಬುಡಕ ಮಲಗೀನಿ. ಜಂಗಮ ಅಲ್ಲಾ, ವೈರಾಗ್ಯ ಬಂದದ ಅಂತ ಕೈ ಮುಗೀತಿದ್ದರು. ವೈರಾಗ್ಯ ಎಲ್ಲೀದೋ? ಮಾಡು ಕಂಡ್ರ ಉಚ್ಚಿ ಬರ್ತಿತ್ತು."

"ಮತ್ತ ಈ ಹೈವೇ ಮ್ಯಾಲ ಯಾಕ ಮನಿ ಮಾಡೀರಿ? ದಿನಾ ನಡಗ್ತದಲ್ರಿ ಇಲ್ಲಿ?"

"ಅದಕ್ಕೇ ಮಾಡೀನಿ. ದಿನಾ ನಡಗ್ತದ, ದಿನಾ ಏನೂ ಬೀಳಂಗಿಲ್ಲ. ಅರ್ಧ ಗುಳಿಗಿ ಕಲಿಸ್ತದ, ಅರ್ಧ ಈ ರೋಡು ಕಲಿಸ್ತದ." ಒಂದು ಟ್ಯಾಂಕರ್ ಹಾದುಹೋಯಿತು. ಅವರು ಬೆಂಚು ಹಿಡಿದು, ಬಿಟ್ಟು, ಬಸಿಯಲ್ಲಿ ಉಳಿದ ಚಹಾ ಮುಗಿಸಿದರು.

ಗುಳಿಗೆ ತಗೊಂಡ ಕೂಡಲೇ ಆರಾಮವಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲು ಕೊಟ್ಟದ್ದು ಹೊಟ್ಟೆ ತೊಳೆಸುತ್ತಿತ್ತು. ಕೂತಲ್ಲಿ ಕೂಡಲು ಬಿಡಲಿಲ್ಲ. ಪಟ್ಟಿಯನ್ನು ತಿಪ್ಪೆಗೆ ಒಗೆದೆ. ಅಯ್ಯನವರು ಬಂದಾಗ, "ನಂಗ ಒಗ್ಗಲಿಲ್ರಿ, ಮುಗೀತು," ಎಂದೆ.

"ಒಂದು ಕಡಿ ನೀರು ಬೀಳಲಿಲ್ಲಂದ್ರ ಬಾವಿ ತೋಡೋದೇ ಬಿಡ್ತಿದ್ದಿಯೇನು ನೀನು?"

"ಹಂಗ ಹ್ಯಾಂಗ್ರಿ? ಇನ್ನೊಂದು ಕಡಿ ನೋಡ್ತಿದ್ದೆ."

"ಮತ್ತ?" ಎಂದರು. ಅಷ್ಟೇ ಅಂದದ್ದು.

ಮತ್ತೆ ಹೋದೆವು. ಎರಡನೆಯದು ನನ್ನನ್ನು ಕಲ್ಲು ಮಾಡಿತು. ಹಗಲೆಲ್ಲ ತೂಕಡಿಕೆ, ನಾಲಿಗೆ ಒಣಗಿ ಅಂಟುತ್ತಿತ್ತು, ಎಮ್ಮೆ ಹಿಂಡುತ್ತ ಹಿಂಡುತ್ತ ನಿದ್ದೆ. ಮತ್ತೆ ಹೋಗಿ ಹೇಳಿದೆ. ಡಾಕ್ಟರಬಾಯಿ ಬೇಸರ ಮಾಡಿಕೊಳ್ಳಲಿಲ್ಲ. ಬದಲಿಸಿದರು, ಸ್ವಲ್ಪದರಿಂದ ಸುರುಮಾಡಿ ನಿಧಾನ ಏರಿಸಿದರು. ಕನಸಿಗೆ ಬೇರೆ ಒಂದು ಕೊಟ್ಟರು. ಅದು ಮೂಲತಃ ಬಿಪಿಯದು, ಕೆಲವರಿಗೆ ಕೆಟ್ಟ ಕನಸು ಇಳಿಸುತ್ತದೆ ಎಂದರು. ಹಾಸಿಗೆಯಿಂದ ಒಮ್ಮೆಲೇ ಏಳಬಾರದು, ತಲೆ ತಿರುಗುತ್ತದೆ ಎಂದು ಎಚ್ಚರಿಸಿದರು. ನಾನು ಕೇಳದೆ ಒಮ್ಮೆ ಎದ್ದು ಗೋದಲಿಯಲ್ಲಿ ಬಿದ್ದೆ. ಎಮ್ಮೆ ನನ್ನ ಮುಖ ನೆಕ್ಕಿತು.

ವಾರಗಳು ಹೋದವು. ಒಂದು ಬೆಳಿಗ್ಗೆ ಮನೆಯವಳು ಚಹಾ ತಂದು ಕೊಟ್ಟು ಅಲ್ಲೇ ನಿಂತಳು. ಯಾಕೆ ಎಂದೆ. "ರಾತ್ರಿ ನೀವು ಒದರಲಿಲ್ರೀ," ಎಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ನಾನು ಒದರದ್ದಕ್ಕೆ ಹೆದರಿ ಅವಳು ಎಚ್ಚರಿದ್ದು ಉಸಿರು ನೋಡುತ್ತಿದ್ದಳಂತೆ.

ಊರಿಗೆ ಮಾತ್ರ ನಾನು ಅದನ್ನು ಬಿಪಿ ಗುಳಿಗೆ ಎಂದೇ ಹೇಳಿದೆ. ಬಿಪಿ ಎಂದರೆ ಯಾರೂ ನಗುವುದಿಲ್ಲ. ಹಾಸಿಗೆ ಅಂಗಳದಿಂದ ಪಡಸಾಲೆಗೆ ಬಂತು. ಬಾವಿಯ ಕಟ್ಟೆಯ ತನಕ ಹೋಗಿ ಬಗ್ಗಿ ನೋಡುವಷ್ಟಾಯಿತು. ಕೆಳಗೆ ಇಳಿಯಲು ಮಾತ್ರ ಆಗಲಿಲ್ಲ. ಏಣಿಯ ಮೇಲೆ ಕಾಲಿಟ್ಟರೆ ಉಸಿರು ಸಿಕ್ಕುತ್ತಿತ್ತು.

ಅಷ್ಟರಲ್ಲಿ ಶ್ರಾವಣ ಬಂತು. ನಮ್ಮ ಮನೆಯಲ್ಲಿ ಶ್ರಾವಣವೆಂದರೆ ತಿಂಗಳ ತುಂಬ ಒಪ್ಪತ್ತು, ದಿನಾ ಲಿಂಗಪೂಜೆ, ಮಠದಲ್ಲಿ ಪುರಾಣ. ಕಾಕನ ಮಗ ಒಬ್ಬನಿದ್ದಾನೆ, ಮೊಬೈಲು ನೋಡುವುದೇ ಅವನ ಉದ್ಯೋಗ. ನಾನು ನುಂಗುತ್ತಿದ್ದ ಎರಡು ಬಣ್ಣದ ಗುಳಿಗೆ ನೋಡಿ, "ಅಣ್ಣಾ, ಈ ಟೋಪಿ ಗುಳಿಗಿ ಅದಲ್ಲಾ, ಇದರ ಮ್ಯಾಲಿನ ಕವಚ ದನದ ಎಲುಬಿಂದ ಮಾಡ್ತಾರಂತ. ಮೊಬೈಲ್‌ನಾಗ ಬಂದದ," ಎಂದ. ಲಿಂಗ ಕಟ್ಟಿದವನು, ಶ್ರಾವಣ ಮಾಸ, ಬಾಯಲ್ಲಿ ಎಲುಬು! ಅಂದೇ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಆರಾಮಾಗಿದ್ದೇನಲ್ಲ, ಒಂದು ತಿಂಗಳು ವ್ರತ ಮಾಡಿದರೆ ಪೂರ್ತಿ ಹೋಗಬಹುದು ಎಂಬ ಆಸೆಯೂ ಇತ್ತು. ಗುಳಿಗೆ ಇಲ್ಲದೆ ಗಟ್ಟಿಯಾಗುವ ಆಸೆ.

ಕೆಲವೇ ದಿನಕ್ಕೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ ಚುರುಕ್ ಚುರುಕ್ ಎನ್ನತೊಡಗಿತು. ಕನಸು ತಿರುಗಿ ಬಂತು. ಪುರಾಣದ ಒಂದು ಸಂಜೆ ಮಠದಲ್ಲಿ ಜನ ಕಿಕ್ಕಿರಿದಿದ್ದರು, ಅಯ್ಯನವರು ಮೇಲೆ ಕುಳಿತು ಓದುತ್ತಿದ್ದರು. ಹಿಂದುಗಡೆ ಯಾರೋ ದಾಸೋಹಕ್ಕೆ ತಂದ ಜೋಳದ ಚೀಲವನ್ನು ತಾಡಪತ್ರಿಯ ಮೇಲೆ ಸುರುವಿದರು. ಸರ್ರೆಂದು ಅದೇ ಸದ್ದು. ನಾನು ಎದ್ದು ಕುಳಿತವರನ್ನು ದಾಟಿ, ಹೆಣ್ಣುಮಕ್ಕಳ ಸಾಲಿನ ಮೇಲೆ ಹಾಯ್ದು, ಒಬ್ಬ ಮುದುಕಿಯ ಕೈ ತುಳಿದು ಹೊರಗೆ ಬಿದ್ದೆ. ಒಳಗೆ ಪುರಾಣ ನಿಂತಿತು. ನಡುವೆ ಪುರಾಣ ನಿಲ್ಲಿಸುವುದು ನಮ್ಮಲ್ಲಿ ಅಪಶಕುನ. ಅಯ್ಯನವರು ಪುಸ್ತಕ ಮುಚ್ಚಿ ಇಳಿದು ಬಂದಿದ್ದರು.

"ಗುಳಿಗಿ ಯಾವಾಗ ಬಿಟ್ಟಿ?"

ಹೇಳಿದೆ. ಎಲುಬಿನ ಮಾತೂ ಹೇಳಿದೆ. ಮಠದ ಮಂದಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಬಿಪಿಯ ಸುಳ್ಳು ಅಲ್ಲಿಗೆ ಮುಗಿಯಿತು. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ನನ್ನ ಎದೆಯ ಮೇಲೆ, ಲಿಂಗದ ಕರಡಿಗೆ ಇರುವ ಜಾಗದಲ್ಲಿ, ಅಂಗೈ ಇಟ್ಟರು. ಒಳಗೆ ಎದೆ ಹಕ್ಕಿಯ ಹಾಗೆ ಹಾರುತ್ತಿತ್ತು.

"ಲಿಂಗ ಇರೋದು ಎಲ್ಲಿ? ಇಲ್ಲಿ. ಇದು ಹಿಂಗ ಹಾರಾಡಕತ್ತಿದ್ರ ಅಂವಾ ಎಲ್ಲಿ ಕೂಡಬೇಕೋ? ಮೊದಲು ಅಂವಗ ಜಾಗಾ ಮಾಡಿ ಕೊಡು. ಔಷಧಕ್ಕ ಶ್ರಾವಣ ಇಲ್ಲ, ಬರಂ ಕಾ, ತಿಳೀತೇನು?" ಎಂದರು. ಬಾಗಿಲಲ್ಲಿದ್ದವರ ಕಡೆ ತಿರುಗಿ ದನಿ ಏರಿಸಿದರು. "ನೀವೂ ಕೇಳ್ರಿ. ಇಂವಾ ತಗೊಳ್ಳೋ ಥರದ್ದೇ ನಾನೂ ತಗೋತೀನಿ. ಹೆದರಿಕಿದು. ಯಾರಿಗರೆ ನನ್ನ ಕೈಲೆ ಪಾದೋದಕ ಬ್ಯಾಡಂದ್ರ ಈಗೇ ಹೇಳ್ರಿ, ನಂಗೂ ಮೊಪೆಡ್ಡಿನ ಪೆಟ್ರೋಲ್ ಉಳೀತದ."

ನಾನು ಕೈ ತುಳಿದ ಮುದುಕಿಯೇ ಮುಂದೆ ಬಂದು, "ನಂದೂ ಒಂದು ಕನಸದ ಅಯ್ಯನೋರ, ನಾನೂ ಬರ್ಲೇನು ಆ ಡಾಕ್ಟರ ಕಡಿ?" ಎಂದಳು.

ಮುಂದಿನ ಸಲ ಡಾಕ್ಟರಬಾಯಿ ಚೆನ್ನಾಗಿ ಬಯ್ದರು. ನೀವಾಗಿ ನಿಲ್ಲಿಸಬಾರದು, ನಿಲ್ಲಿಸುವುದಿದ್ದರೆ ನನ್ನನ್ನು ಕೇಳಿ ಮೆಲ್ಲಗೆ ಇಳಿಸಬೇಕು ಎಂದರು. ಕವಚದ ಮಾತು ಸುಳ್ಳಲ್ಲ, ಕೆಲವು ಹಾಗಿರುತ್ತವೆ, ಮೊದಲೇ ಕೇಳಿದ್ದರೆ ಅದೇ ಔಷಧವನ್ನು ಕವಚವಿಲ್ಲದ ಗುಳಿಗೆಯಲ್ಲಿ ಕೊಡುತ್ತಿದ್ದೆ ಎಂದರು. ಕೊಟ್ಟರು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದೇ ನನಗೆ ಬಾರದ ವಿದ್ಯೆ.

ಆ ಸೋಮವಾರ ಪೂಜೆ ಮುಗಿದ ಮೇಲೆ ಅಯ್ಯನವರು ನನ್ನ ಪಟ್ಟಿಯನ್ನು ಕೇಳಿ ಇಸಿದುಕೊಂಡರು. ನನ್ನ ಅಂಗೈಯಲ್ಲಿ ಗುಳಿಗೆ ಇಟ್ಟು, ತಮ್ಮ ಅಂಗೈಯಲ್ಲಿ ತಮ್ಮದನ್ನು ಇಟ್ಟುಕೊಂಡು, "ಹೂಂ," ಎಂದರು. ಅವ್ವ, ಅಣ್ಣಂದಿರು, ಅತ್ತಿಗೆಯರು, ಮಕ್ಕಳು ಎಲ್ಲ ನೋಡುತ್ತಿದ್ದರು. ಇಬ್ಬರೂ ಒಟ್ಟಿಗೆ ನುಂಗಿದೆವು. ಆಮೇಲೆ ಅವ್ವ ಊಟಕ್ಕೆ ಬಡಿಸಿದಳು, ಅಷ್ಟೆ.

ಹೋದ ಚಳಿಗಾಲದಲ್ಲಿ ಅಯ್ಯನವರು ಲಿಂಗೈಕ್ಯರಾದರು. ಬೆಳಿಗ್ಗೆ ಪೂಜೆಗೆ ಕುಳಿತವರು ಏಳಲಿಲ್ಲ. ಅವರ ತಮ್ಮನ ಮಗ ಫೋನು ಮಾಡಿದ. ನಾನೂ ಮನೆಯವಳೂ ತುರೋರಿಗೆ ಹೋದಾಗ ಅವರನ್ನು ಕೂರಿಸಿ ಹೂವು ಕಟ್ಟುತ್ತಿದ್ದರು, ಭಜನೆ ನಡೆದಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕುಣಿ ತೋಡಿ, ಅದರ ತಳದಲ್ಲಿ ಗೋಡೆಯೊಳಗೆ ಒಂದು ಗೂಡು ಕೊರೆದು, ಪೂಜೆಗೆ ಕುಳಿತ ಹಾಗೆ ಕೂರಿಸುತ್ತೇವೆ.

ಕುಣಿ ತೋಡುತ್ತಿದ್ದ ಅವರ ಹೊಲಕ್ಕೆ ಹೋದೆ. ಕುಣಿಯ ಹತ್ತಿರ ಗದ್ದಲ ನಡೆದಿತ್ತು. ಅಕಾಲದ ಮಳೆ ಬಿದ್ದು ಹೋಗಿತ್ತು, ಕರಿಮಣ್ಣು ನೆನೆದಿತ್ತು. ತೋಡುವವರು ಗೂಡು ಕೊರೆದ ಹಾಗೆಲ್ಲ ಗೋಡೆ ಕುಸಿಯುತ್ತಿತ್ತು. ಹೊತ್ತು ಇಳಿಯುತ್ತಿತ್ತು, ಅಯ್ಯನವರನ್ನು ಹೊತ್ತ ಮೆರವಣಿಗೆಯೂ ಹೊಲಕ್ಕೆ ಬಂತು. ತಮ್ಮನ ಮಗ ನನ್ನ ಹತ್ತಿರ ಬಂದು, "ಅಣ್ಣಾ, ಮಣ್ಣು ನಿಂದ್ರವಲ್ದು. ದೊಡ್ಡಪ್ಪಗ ಕೂಡ್ಸೋದು ಹ್ಯಾಂಗ?" ಎಂದ.

ಮೇಲೆ ನಿಂತು ನೋಡಿದೆ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಮೇಲಿನ ಮಣ್ಣನ್ನು ಅಗಲಕ್ಕೆ ಇಳಿಜಾರಾಗಿ ಕಡಿಯಬೇಕು. ಇನ್ನೂ ಕೆಳಗೆ ಹೋಗಿ ಮುರುಮದಲ್ಲಿ ಗೂಡು ಕೊರೆಯಬೇಕು, ಮೇಲೆ ಕಮಾನು ಬಿಡಬೇಕು. ಮೇಲಿಂದಲೇ ಹೇಳಿದೆ. ಮೇಲ್ಮಣ್ಣು ಕಡಿದರು. ಗೂಡು ಮಾತ್ರ ಅವರಿಗೆ ಬರಲಿಲ್ಲ. ಅದು ಹೇಳಿ ಬರುವ ಕೆಲಸವಲ್ಲ.

ಚಪ್ಪಲಿ ಬಿಟ್ಟು ಏಣಿಯ ಮೇಲೆ ಕಾಲಿಟ್ಟೆ. ಭುಜದ ತನಕ ಇಳಿದೆ. ಹಸಿ ಮಣ್ಣಿನ ವಾಸನೆ ಬಂತು, ಎದೆ ಹಿಡಿಯಿತು, ಮೇಲೆ ಬಂದುಬಿಟ್ಟೆ. ದಂಡೆಯ ಮೇಲೆ ಕುಳಿತು ಮೊಣಕಾಲ ನಡುವೆ ತಲೆ ಹಾಕಿದೆ. "ಬಿಡ್ರಿ, ಅಂವಗ ಆಗಂಗಿಲ್ಲ," ಎಂದರು ಯಾರೋ. ಈ ಸಲ ಯಾರೂ ನಗಲಿಲ್ಲ. ಮನೆಯವಳು ಹೆಣ್ಣುಮಕ್ಕಳ ಗುಂಪಿನಿಂದ ಎದ್ದು ಬಂದು ನೀರಿನ ತಂಬಿಗೆ ಪಕ್ಕದಲ್ಲಿಟ್ಟು ಅಲ್ಲೇ ನಿಂತಳು. ಡಾಕ್ಟರಬಾಯಿ ಕಲಿಸಿದ ಹಾಗೆ ಉಸಿರು ಎಳೆದೆ, ನಿಧಾನ ಬಿಟ್ಟೆ. ಗುಳಿಗೆ ಹೆದರಿಕೆಯನ್ನು ತೆಗೆದು ಒಗೆಯುವುದಿಲ್ಲ. ಇದನ್ನು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಹೆದರಿಕೆಯ ಪಕ್ಕ ನಿಲ್ಲಲು ಅದು ಒಂದಿಷ್ಟು ಜಾಗ ಮಾಡಿಕೊಡುತ್ತದೆ. ಅಲ್ಲಿ ನಾವೇ ನಿಲ್ಲಬೇಕು.

ಮತ್ತೆ ಇಳಿದೆ. ಈ ಸಲವೂ ಎದೆ ಬಡಿಯಿತು. ಬಡಿಯಲಿ ಎಂದು ಬಿಟ್ಟೆ. ಗುದ್ದಲಿ ಕೈಯಲ್ಲಿ ನಿಂತಿತು. ಮುರುಮ ಹತ್ತಿದ್ದು ಕಾಲ ಬೆರಳಿಗೆ ತಿಳಿಯಿತು. ಗೂಡಿನ ಬಾಯಿ ಕಡಿದೆ, ಮೇಲೆ ಕಮಾನು ಬಿಟ್ಟೆ, ಅಂಗೈಯಿಂದ ಸವರಿ ನೋಡಿದೆ. ಒಂದು ಹೆಂಟೆಯೂ ಬೀಳಲಿಲ್ಲ. ಮೇಲಿಂದ ಅವರನ್ನು ಇಳಿಸಿದರು, ಕೆಳಗೆ ನಾನು ತೋಳು ಚಾಚಿ ತೆಗೆದುಕೊಂಡೆ. ಅಷ್ಟು ಗಟ್ಟಿ ಮನುಷ್ಯ ಎಷ್ಟು ಹಗುರಾಗಿದ್ದರು. ಗೂಡಿನೊಳಗೆ ಕೂರಿಸಿ, ಬೆನ್ನು ಗೋಡೆಗೆ ಆನಿಸಿ, ಸುತ್ತ ಬಿಲ್ವಪತ್ರಿ ತುಂಬಿದೆ. ಕಾಲ ಮೇಲಿನ ಧೋತರದ ನಿರಿಗೆ ಸರಿಮಾಡಿದೆ.

"ಆಯ್ತಪ್ಪಾ, ಮ್ಯಾಲ ಬಾ ಇನ್ನ," ಎಂದು ದಂಡೆಯಿಂದ ಕೂಗಿದರು. ಏಣಿ ಪಕ್ಕದಲ್ಲೇ ಇತ್ತು. ಕೂಗಿದ್ದು ಕೇಳಿಸಿತು. ನಾನು ಅವರ ಎದುರು, ಆ ನೆಲದೊಳಗೆ, ಇನ್ನೂ ಸ್ವಲ್ಪ ಹೊತ್ತು ಕುಳಿತೆ. ಮೇಲೆ ಹೋಗಲು ನನಗೆ ಅವಸರವೇ ಇರಲಿಲ್ಲ.